ಬಾಯಿ ಲೆಕ್ಕ

ಶಿರಾ ದಾಟಿ, ಗುಬ್ಬಲಹಟ್ಟಿ ಕಾವಲಿನ ಗರಸು ನೆಲದಲ್ಲಿ
ಎಪ್ಪತ್ತೆರಡು ಮಡಿ. ಇಪ್ಪತ್ತನಾಲ್ಕು ಗಿಡ, ಮೂರು ಮೂರು ಸಲ.
ಒಂದೇ ಸಲಕ್ಕೆ ನಂಬುವಂತಿಲ್ಲ ಈ ಮಣ್ಣನ್ನು.
ಮಣ್ಣಿನ ವರದಿ ಒಂದೇ ಹಾಳೆ:
ರಂಜಕ ಕಡಿಮೆ, ಸಾರಜನಕ ಕಡಿಮೆ, ಸಾವಯವ ಇಂಗಾಲ ಕಡಿಮೆ.
ಕಲ್ಲಿಗೆ ಕಾಲಂ ಇರಲಿಲ್ಲ. ಇದ್ದಿದ್ದರೆ ಅದೊಂದು ತುಂಬಿರುತ್ತಿತ್ತು.

ವೆಲ್ಡಿಂಗ್ ಅಂಗಡಿಯ ಮುಜೀಬ್ ಮಾಡಿಕೊಟ್ಟದ್ದು
ಒಂದು ಮೀಟರಿನ ಕಬ್ಬಿಣದ ಚೌಕ.
ಸರಳಿಲ್ಲದ ಕಿಟಕಿ, ಯಾವ ಮನೆಗಮ್ಮ? ಎಂದು ಕೇಳಿದ್ದ.
ಎಸೆಯುತ್ತೇನೆ, ಬಿದ್ದಲ್ಲಿ ಕೂರುತ್ತೇನೆ,
ಒಳಗಿನದಷ್ಟೇ ಕುಡುಗೋಲಿಗೆ, ಆಮೇಲೆ ಬಟ್ಟೆ ಚೀಲಕ್ಕೆ.
ತುಮಕೂರಿನ ಒಲೆಯಲ್ಲಿ ಎರಡು ದಿನ ಒಣಗಿದ ಮೇಲೆ
ಹಸಿರೆಂಬುದು ಎಷ್ಟು ಕಡಿಮೆ ತೂಗುತ್ತದೆ!

ಗಿಡಗಳಿಗೆ ನನ್ನ ಪುಸ್ತಕದಲ್ಲಿ ನಂಬರು,
ಚಿತ್ತಣ್ಣನ ಬಾಯಲ್ಲಿ ಹೆಸರು.
ಆಳೆತ್ತರ ಬೆಳೆದು ಗಾಳಿಗೆ ತಲೆದೂಗುವ ಏಳು, ಬಡಾಯಿ ಹುಲ್ಲು.
ಚೂಡಿದಾರದ ಅಂಚಿಗೆ ಊಬು ಚುಚ್ಚುವ ಹನ್ನೆರಡು, ನಾದಿನಿ.
ನೆಲಕ್ಕಂಟಿದ, ಹಳದಿ ಹೂವಿನ, ಮೂರೆಲೆಯ ಹತ್ತೊಂಬತ್ತಕ್ಕೆ ಮಾತ್ರ
ಹೆಸರಿಡಲಿಲ್ಲ ಅವನು.
ಇರೋದೋ ಹೋಗೋದೋ ನೋಡಾನ ತಡಿ ಮೇಡಮ್ಮ,
ಕೂಸಿಗೂ ನಾವು ತಿಂಗಳು ಕಾದೇ ಹೆಸರಿಡೋದು.

ಮೇಯಿಸುವ ದಿನ ಅವನ ಹಸು ಬೂದಿಯೇ ಪರೀಕ್ಷಕಿ.
ಹಳ್ಳಿಕಾರ್ ತಳಿ, ಹಿಂದಕ್ಕೆ ಬಾಗಿದ ಕೊಂಬು,
ಯಾರ ಮುಲಾಜಿಗೂ ಬಾಗದ ಕತ್ತು.
ಮಡಿಗೆ ಐದು ನಿಮಿಷ. ಎಷ್ಟು ಸಲ ಬಾಯಿ ಹಾಕಿದಳು, ಬರೆಯಬೇಕು.
ಕಣ್ಣಲ್ಲಿ ಎಣಿಸಿ ಎಣಿಸಿ ತಪ್ಪಿದೆ.
ಕಣ್ಣು ಮುಚ್ಚು, ಅಂದ ಚಿತ್ತಣ್ಣ.
ಮುಚ್ಚಿದೆ. ಚರಕ್. ಚರಕ್. ಆಮೇಲೆ ಉಸಿರು. ಚರಕ್.
ವಾರದೊಳಗೆ ಕಿವಿಯೇ ಹೇಳತೊಡಗಿತು:
ಇದು ಎಳೆಯ ಗರಿ, ಇದು ಬಲಿತ ಕಡ್ಡಿ,
ಇದು ಹುಲ್ಲೇ ಅಲ್ಲ, ನನ್ನ ಊಟದ ಡಬ್ಬಿ ಕಟ್ಟಿದ ಬಟ್ಟೆ.

ಬಡಾಯಿಗೆ ನಾಲ್ಕು ಬಾಯಿ.
ನಾದಿನಿಗೆ ಹನ್ನೊಂದು, ಅದೂ ತೆನೆ ಬರುವ ಮುಂಚೆ.
ಹತ್ತೊಂಬತ್ತಕ್ಕೆ ನಲವತ್ತಾರು,
ಬುಡಸಮೇತ, ಕಾಯಿಸಮೇತ.
ಆ ಬೇಸಿಗೆ ಅದು ಮತ್ತೆ ಚಿಗುರಲಿಲ್ಲ. ಮೂರೂ ಮಡಿ ಬೋಳು.
ಕೆಂಪು ಶಾಯಿಯಲ್ಲಿ ಬರೆದೆ: ಸತ್ತಿದೆ.
ಆ ಬಿಸಿಲಲ್ಲಿ ಊದಿ ಒಣಗಿಸಬೇಕಾಗಲಿಲ್ಲ.

ಜೂನಿನಲ್ಲಿ ಎರಡು ಹದ ಮಳೆ ಬಿದ್ದ ಮರುವಾರ
ಬೇಲಿಯಾಚೆಯಿಂದ ಕೂಗಿದ:
ನಿನ್ ಹತ್ತೊಂಬತ್ತು ಇಲ್ಲೈತೆ ಬಾ.
ಒಣಗಿ ಬಿಲ್ಲೆಯಾದ ಸಗಣಿ, ಅರ್ಧ ಗೆದ್ದಲು ತಿಂದದ್ದು,
ಅದರ ಬಿರುಕಿನಿಂದ ನೂಲಿನಂಥ ಕಾಂಡ,
ತುದಿಗೆ ಮೂರೆಲೆ.
ನನಗೆ ಕುಣಿಯುವಷ್ಟು ಖುಷಿ. ಅವನಿಗಿಲ್ಲ.
ಬಳ್ಳಾರಿ ಜಾಲೀನೂ ಹಿಂಗೇ ಬಂತು ಕಣಮ್ಮ.
ಸೌದೆಗೆ ಅಂತ ಯಾರೋ ಸಾಹೇಬ್ರು ತಂದ್ರು,
ನಮ್ಮ ಮೇಕೆ ಹೊಟ್ಟೇನೇ ಅದಕ್ಕೆ ಬಸ್ಸು, ಟಿಕೀಟಿಲ್ಲ.
ಈಗ ಅರ್ಧ ಕಾವಲು ಅದರದ್ದು.
ನಮ್ಮಪ್ಪ ಹೆಸರು ಹಿಡಿದು ಕರೀತಿದ್ದ ಹುಲ್ಲು ಎಷ್ಟೋ,
ನಂಗೆ ಗೊತ್ತಿರೋದು ಒಂಬತ್ತು.

ಕೀಳಲೇ? ಎಂದೆ.
ಬೀಡಿ ಹಚ್ಚಿದ, ಉತ್ತರ ಕೊಡಲಿಲ್ಲ.
ಬೂದಿ ಬಂದಳು, ಮೂಸಿದಳು, ಮುಂದೆ ಹೋದಳು.
ಸಗಣಿಯ ಮೇಲೆ ಹುಟ್ಟಿದ್ದಕ್ಕೆ ಅವಳು ಬಾಯಿ ಹಾಕುವವಳಲ್ಲ.

ಬೇಲಿಯ ಹೊರಗಿನದಕ್ಕೆ ಪುಸ್ತಕದಲ್ಲಿ ಕಾಲಂ ಇಲ್ಲ.
ರಟ್ಟಿನ ಒಳಮೈಯಲ್ಲಿ, ಪೆನ್ಸಿಲಿನಲ್ಲಿ ಬರೆದೆ:
ಪೂರ್ವಕ್ಕೆ ನಲವತ್ತು ಹೆಜ್ಜೆ. ಎಲೆ ಮೂರು. ಬಾಯಿ ಸೊನ್ನೆ.
ಯಾರ ಹೆಜ್ಜೆ ಎಂದು ತುಮಕೂರಿನಲ್ಲಿ ಕೇಳುತ್ತಾರೆ.
ಚಿತ್ತಣ್ಣನದು. ಉದ್ದ ಹೆಜ್ಜೆ,
ಎಡಗಾಲು ಸ್ವಲ್ಪ ಕುಂಟು.